ಕಾನೂನಿಗೆ ಬೇಕು, ಕಚೇರಿಗೆ ಬೇಡ: ಪರಿಸರ ಓದಿದವರ ದಾರಿ ಎತ್ತ?

ಮಂಗಳೂರು: ವಿಜ್ಞಾನ ಪದವಿ ಮುಗಿಸಿದ ವಿದ್ಯಾರ್ಥಿ ಮುಂದೇನು ಓದಬೇಕು ಎಂಬ ಚರ್ಚೆ ಕರಾವಳಿಯ ಮನೆಗಳಲ್ಲಿ ಬಹುಬೇಗ ಮುಗಿದುಹೋಗುತ್ತದೆ. ರಸಾಯನಶಾಸ್ತ್ರ ಓದಿದರೆ ಎಂಆರ್‌ಪಿಎಲ್ ಇದೆ, ಎಂಸಿಎಫ್ ಇದೆ. ವಾಣಿಜ್ಯ ಓದಿದವರಿಗೆ ಬ್ಯಾಂಕುಗಳ ತವರಾದ ಈ ಜಿಲ್ಲೆಯಲ್ಲಿ ದಾರಿ ಹೇಳಿಕೊಡಬೇಕಾಗಿಲ್ಲ. ಆದರೆ ಜೀವಿಪರಿಸರ ಶಾಸ್ತ್ರ, ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ ಎಂಬ ಹೆಸರು ಬಂದೊಡನೆ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಓದಿದರೆ ಏನು ಕೆಲಸ ಸಿಗುತ್ತದೆ?

ಪ್ರಶ್ನೆ ಸಹಜವಾದುದೇ. ವಿಚಿತ್ರವೆಂದರೆ, ಈ ವಿದ್ಯೆಯನ್ನು ಬೇಡುವ ಕಾನೂನುಗಳು ಕಳೆದ ಮೂರು ದಶಕಗಳಲ್ಲಿ ಹೆಚ್ಚುತ್ತಲೇ ಬಂದಿವೆ. ಈ ವಿದ್ಯೆ ಇಲ್ಲದೆ ತೀರ್ಮಾನಿಸಲಾಗದ ಸಮಸ್ಯೆಗಳು ಮಂಗಳೂರಿನ ಸುತ್ತಮುತ್ತಲೇ ದಂಡಿಯಾಗಿವೆ. ಆದರೂ ಇದನ್ನು ಕಲಿತವರಿಗೆಂದು ಮೀಸಲಾದ ಕುರ್ಚಿ ನಗರಪಾಲಿಕೆಯಲ್ಲಾಗಲಿ ಪಂಚಾಯತಿಯಲ್ಲಾಗಲಿ ಕಾಣಸಿಗುವುದಿಲ್ಲ.

ಕಲಿಕೆಗೆ ಬೇಕಾದ ಸಂಸ್ಥೆಗಳ ಕೊರತೆಯಂತೂ ಈ ನಗರಕ್ಕೆ ಇಲ್ಲ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡು 1980ರಲ್ಲಿ ಸ್ವತಂತ್ರವಾದ ಮಂಗಳೂರು ವಿಶ್ವವಿದ್ಯಾನಿಲಯ ಕೊಣಾಜೆಯಲ್ಲಿದೆ. ಅಲ್ಲಿ ಜೀವವಿಜ್ಞಾನ, ಅನ್ವಯಿಕ ಸಸ್ಯಶಾಸ್ತ್ರ, ಅನ್ವಯಿಕ ಪ್ರಾಣಿಶಾಸ್ತ್ರ, ಸಾಗರ ಭೂವಿಜ್ಞಾನ ವಿಭಾಗಗಳಿವೆ. ಪರಿಸರದಲ್ಲಿನ ವಿಕಿರಣವನ್ನು ಅಳೆಯುವುದಕ್ಕೆಂದೇ ಪ್ರತ್ಯೇಕ ಸಂಶೋಧನಾ ಕೇಂದ್ರವೊಂದಿದೆ. 1969ರಲ್ಲಿ ಸ್ಥಾಪನೆಯಾದ ಇಲ್ಲಿನ ಮೀನುಗಾರಿಕಾ ಮಹಾವಿದ್ಯಾಲಯ ದೇಶದಲ್ಲೇ ಮೊದಲನೆಯದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ಕಲಿಸುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ನಗರದಲ್ಲೇ ಇದೆ. ಗುರುಪುರ ನದಿಯ ಮಗ್ಗುಲಲ್ಲಿ ಪಿಲಿಕುಳ ನಿಸರ್ಗಧಾಮವಿದೆ. 1880ರಲ್ಲಿ ಆರಂಭವಾದ ಸೇಂಟ್ ಅಲೋಶಿಯಸ್ ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಗಿದೆ. ನದಿ, ಅಳಿವೆ, ಕಡಲು, ಕೆಂಪುಕಲ್ಲಿನ ಗುಡ್ಡ, ಬಸ್ಸಿನಲ್ಲಿ ಎರಡು-ಮೂರು ತಾಸಿಗೆ ಘಟ್ಟದ ಮಳೆಕಾಡು: ಇಷ್ಟೊಂದು ಬಗೆಯ ನೆಲೆಗಳು ಇಷ್ಟು ಹತ್ತಿರದಲ್ಲಿ ಸಿಗುವ ವಿಶ್ವವಿದ್ಯಾನಿಲಯದ ಊರು ದೇಶದಲ್ಲಿ ವಿರಳ.

ಈ ಸಾಮೀಪ್ಯದ ಬೆಲೆಯೇನೆಂದು ತಿಳಿಯಲು ಒಂದು ಕಪ್ಪೆಯ ಕಥೆ ಸಾಕು. 2018ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಮತ್ತಿತರ ಸಂಸ್ಥೆಗಳ ಸಂಶೋಧಕರು ಸೇರಿ ವಿಜ್ಞಾನಕ್ಕೆ ಹೊಸದಾದ ಒಂದು ಪುಟ್ಟ ಕಪ್ಪೆಯನ್ನು ವರ್ಣಿಸಿದರು. ಅದು ದೊರೆತದ್ದು ದಟ್ಟಾರಣ್ಯದಲ್ಲಲ್ಲ. ಕೈಗಾರಿಕೆಗಳಿಂದ ಸುತ್ತುವರಿದ, ಹಿಂದೆ ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದ ನಗರದ ಜಾಗವೊಂದರಲ್ಲಿ. ಮಂಗಳೂರಿನ ಕೊಂಕಣಿ ಹೆಸರಾದ ಕೊಡಿಯಾಲವನ್ನೇ ಅದಕ್ಕಿಟ್ಟು ‘ಮೈಕ್ರೋಹೈಲಾ ಕೊಡಿಯಾಲ್’ ಎಂದು ಕರೆದರು. ಅದರ ಹತ್ತಿರದ ನೆಂಟರು ಇರುವುದು ಆಗ್ನೇಯ ಏಷ್ಯಾದಲ್ಲಿ. ಬಂದರಿಗೆ ಬಂದಿಳಿದ ದಿಮ್ಮಿಗಳ ಜೊತೆ ಅದೂ ಬಂದಿರಬಹುದೇ ಎಂಬ ಊಹೆಗೆ ಇದು ಎಡೆಮಾಡಿಕೊಟ್ಟಿತು. ನಿತ್ಯ ಸಾವಿರಾರು ವಾಹನಗಳು ಓಡಾಡುವ ಊರಿನಲ್ಲಿ ಹೆಸರಿಲ್ಲದ ಪ್ರಾಣಿಯೊಂದು ಮಳೆಗಾಲದ ರಾತ್ರಿಗಳಲ್ಲಿ ಕೂಗುತ್ತಲೇ ಇತ್ತು. ಅದನ್ನು ಕೇಳಿಸಿಕೊಳ್ಳುವ ತರಬೇತಿ ಪಡೆದವರು ಬೇಕಾಗಿದ್ದರು, ಅಷ್ಟೇ.

ಕಡ್ಡಾಯವಾದ ಪಾಠ, ಖಾಲಿಯಾದ ಹೊಲ

ಪರಿಸರ ಕಲಿಕೆಯನ್ನು ಕಡ್ಡಾಯ ಮಾಡಿದ್ದು ಸರಕಾರದ ಉತ್ಸಾಹವಲ್ಲ, ನ್ಯಾಯಾಲಯದ ಆದೇಶ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ನಿರ್ದೇಶನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದದಲ್ಲೇ ಉಳಿಯಿತು. 2003ರಲ್ಲಿ ನ್ಯಾಯಾಲಯ ಮತ್ತೆ ಬಿಗಿ ಮಾಡಿದ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗದ ಆರು ತಿಂಗಳ ಪಠ್ಯ ಎಲ್ಲ ಪದವಿ ತರಗತಿಗಳಿಗೂ ಬಂತು. ಕಲೆ, ವಾಣಿಜ್ಯ, ವಿಜ್ಞಾನ ಎಂಬ ಭೇದವಿಲ್ಲದೆ ಎಲ್ಲರೂ ಓದಬೇಕು. 50 ಉಪನ್ಯಾಸ, 75 ಅಂಕಗಳ ಪರೀಕ್ಷೆ, 25 ಅಂಕಗಳ ಕ್ಷೇತ್ರಕಾರ್ಯ. ಊರಿನ ನದಿಯನ್ನೋ ಕೆರೆಯನ್ನೋ ಕಾಡನ್ನೋ ನೋಡಿ ದಾಖಲಿಸಬೇಕೆಂದು ಪಠ್ಯ ಸ್ಪಷ್ಟವಾಗಿ ಹೇಳಿತ್ತು.

ಆಶಯ ಒಳ್ಳೆಯದೇ ಆಗಿತ್ತು. ಆದರೆ ಪಾಠ ಹೇಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿಲ್ಲ. ಯಾವ ಅಧ್ಯಾಪಕರ ಕಾರ್ಯಭಾರದಲ್ಲಿ ಒಂದೆರಡು ಗಂಟೆ ಕಡಿಮೆ ಬೀಳುತ್ತದೆಯೋ ಅವರ ಹೆಗಲಿಗೆ ಈ ವಿಷಯ ಬೀಳುವುದು ಕಾಲೇಜುಗಳಲ್ಲಿ ವಾಡಿಕೆಯಾಯಿತು. ಕ್ಷೇತ್ರಕಾರ್ಯ ಎಷ್ಟೋ ಕಡೆ ನಕಲು ಮಾಡಿದ ವರದಿಯಾಗಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ಸೇರಿಕೊಂಡಿತು. (ಪ್ಲಾಸ್ಟಿಕ್ ಮಾಲಿನ್ಯದ ಕುರಿತಾದ ವರದಿಗೂ ಅದೇ ಹೊದಿಕೆ ಎಂಬುದು ಬೇರೆ ಮಾತು.) ಪರೀಕ್ಷೆಯಲ್ಲಿ ಓಝೋನ್ ಪದರದ ರಂಧ್ರ ಎಲ್ಲಿದೆ ಎಂದು ಬರೆಯಬಲ್ಲ ವಿದ್ಯಾರ್ಥಿಗೆ ತನ್ನ ಮನೆಯ ನಲ್ಲಿಗೆ ನೀರು ತುಂಬೆಯ ಕಿಂಡಿ ಅಣೆಕಟ್ಟಿನಿಂದ ಬರುತ್ತದೆ ಎಂಬುದು ತಿಳಿಯದೆ ಹೋಯಿತು.

ಆಮೇಲೆ ನೀತಿಗಳು ಒಂದರ ಹಿಂದೊಂದು ಬಂದವು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ದೇಶದಲ್ಲೇ ಮೊದಲಿಗೆ ಜಾರಿಗೊಳಿಸಿದ ಕರ್ನಾಟಕ, 2024ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ನಡುವೆ 2023ರಲ್ಲಿ ಅನುದಾನ ಆಯೋಗ ಪರಿಸರ ಶಿಕ್ಷಣಕ್ಕೆ ನಾಲ್ಕು ಕ್ರೆಡಿಟ್‌ಗಳ ಹೊಸ ಮಾರ್ಗಸೂಚಿ ಹೊರಡಿಸಿತು. ಪಠ್ಯ ಪದೇ ಪದೇ ಬದಲಾಯಿತೇ ಹೊರತು, ಪಾಠ ಹೇಳುವವರ ಸಮಸ್ಯೆ ಇದ್ದಲ್ಲೇ ಇದೆ. ರಾಜ್ಯದ ಸರಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ತಿಳಿಯದ ಉಪನ್ಯಾಸಕ, ಹತ್ತು ವರ್ಷ ಹಿಡಿಯುವ ಹೊಳೆಯ ಅಧ್ಯಯನಕ್ಕೆ ವಿದ್ಯಾರ್ಥಿಗಳನ್ನು ಹೇಗೆ ಹಚ್ಚಿಯಾನು?

ಸ್ನಾತಕೋತ್ತರ ಹಂತದಲ್ಲಿ ತೊಡಕು ಬೇರೆ ಬಗೆಯದು. ಕರಾವಳಿಯಲ್ಲಿ ಜೀವಜಾಲ ಮೈದುಂಬುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಪ್ಪೆ ಕೂಗುವುದು, ಪಾರೆಯ ಮೇಲೆ ಹೂ ಅರಳುವುದು, ಗದ್ದೆಗೆ ಮೀನು ಹತ್ತುವುದು, ಹೊಳೆ ಹೂಳು ಹೊತ್ತು ತರುವುದು ಎಲ್ಲವೂ ಆಗಲೇ. ಪ್ರವೇಶ ಪ್ರಕ್ರಿಯೆ, ಶುಲ್ಕ, ಪರೀಕ್ಷೆಗಳ ಮುಂದೂಡಿಕೆಯಲ್ಲಿ ಆ ತಿಂಗಳುಗಳು ಕಳೆದುಹೋಗುತ್ತವೆ. ಮಳೆ ಜೋರಾದರೆ ಜಿಲ್ಲಾಡಳಿತ ರಜೆಯನ್ನೂ ಘೋಷಿಸುತ್ತದೆ. ಕ್ಷೇತ್ರ ಪ್ರವಾಸ ಹೊರಡುವಷ್ಟರಲ್ಲಿ ಡಿಸೆಂಬರ್ ಬಂದು ಪಾರೆ ಒಣಗಿರುತ್ತದೆ.

ಒಂದು ಋತುವಿನ ಸತ್ಯ

ತರಗತಿಯ ಈ ದೌರ್ಬಲ್ಯ ಹೊರಗಿನ ಬದುಕಿಗೆ ಹೇಗೆ ತಟ್ಟುತ್ತದೆ ಎಂಬುದನ್ನು ತಿಳಿಯಲು ಪರಿಸರ ಪರಿಣಾಮ ಅಂದಾಜಿನ ಪದ್ಧತಿಯನ್ನು ನೋಡಬೇಕು. 1994ರಲ್ಲಿ ಮೊದಲು ಬಂದು 2006ರಲ್ಲಿ ಪರಿಷ್ಕೃತಗೊಂಡ ಅಧಿಸೂಚನೆಯಂತೆ, ದೊಡ್ಡ ಯೋಜನೆ ಆರಂಭಿಸುವವರು ಆ ಸ್ಥಳದ ಗಾಳಿ, ನೀರು, ಜೀವಿಗಳ ಸ್ಥಿತಿಯನ್ನು ದಾಖಲಿಸಿ ಸಲ್ಲಿಸಬೇಕು. ವರದಿ ತಯಾರಿಸುವ ಸಲಹಾ ಸಂಸ್ಥೆಯ ತಂಡದಲ್ಲಿ ಜೀವಿಪರಿಸರ ತಜ್ಞರು ಇರಲೇಬೇಕು. ಅಂದರೆ ಈ ವಿದ್ಯೆಗೆ ಕಾನೂನೇ ಒಂದು ಉದ್ಯೋಗವನ್ನು ಸೃಷ್ಟಿಸಿದೆ.

ಆದರೆ ಎಷ್ಟೋ ಬಗೆಯ ಯೋಜನೆಗಳಿಗೆ ಒಂದೇ ಋತುವಿನ ಮಾಹಿತಿ ಸಾಕು, ಆ ಋತುವೂ ಮಳೆಗಾಲವಾಗಿರಬೇಕಾಗಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುವ ಜಿಲ್ಲೆಯಲ್ಲಿ ಮಳೆಗಾಲ ಬಿಟ್ಟು ಮಾಡಿದ ಸಮೀಕ್ಷೆಯಲ್ಲಿ ಏನು ಸಿಗುತ್ತದೆ? ಮಾರ್ಚ್‌ನಲ್ಲಿ ಕೆಂಪುಕಲ್ಲಿನ ಪಾರೆಯನ್ನು ನೋಡಿದವರಿಗೆ ಅದು ಬರಡು ಭೂಮಿ. ಜುಲೈನಲ್ಲಿ ಅದೇ ಪಾರೆಯ ಮೇಲೆ ಕೀಟಾಹಾರಿ ಸಸ್ಯಗಳಿರುತ್ತವೆ, ಸುತ್ತಲಿನ ಬಾವಿಗಳಿಗೆ ಇಳಿಯುವ ನೀರು ನಿಂತಿರುತ್ತದೆ. ವರದಿಯಲ್ಲಿ ‘ಬರಡು’ ಎಂದು ನಮೂದಾದ ಮೇಲೆ ಜೆಸಿಬಿಗೆ ಅಡ್ಡ ಬರುವವರು ಯಾರೂ ಇರುವುದಿಲ್ಲ.

ಎತ್ತಿನಹೊಳೆಯ ಪ್ರಕರಣ ಇನ್ನೊಂದು ಮುಖವನ್ನು ತೋರಿಸುತ್ತದೆ. ನೇತ್ರಾವತಿಯ ಮೇಲ್ಭಾಗದ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯುವ ಈ ಯೋಜನೆ, ಕುಡಿಯುವ ನೀರಿನದೆಂಬ ಕಾರಣಕ್ಕೆ ಪರಿಸರ ಅನುಮತಿಯ ವ್ಯಾಪ್ತಿಯಿಂದಲೇ ಹೊರಗುಳಿಯಿತು. 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ಸಂಗಡಿಗರು ಆ ಜಲಾನಯನದಲ್ಲಿ ಮಳೆ, ಕಾಡು, ಮಣ್ಣುಗಳ ಲೆಕ್ಕ ಹಾಕಿ ಅಲ್ಲಿ ದೊರೆಯಬಹುದಾದ ನೀರು 9.55 ಟಿಎಂಸಿ ಎಂದು ವರದಿ ನೀಡಿದರು. ಎರಡು ಅಂಕಿಗಳ ನಡುವಿನ ಅಂತರ ಚಿಲ್ಲರೆಯದಲ್ಲ. ಯೋಜನೆಯ ವೆಚ್ಚ 2014ರ 12,912 ಕೋಟಿ ರೂಪಾಯಿಯಿಂದ 2023ರ ವೇಳೆಗೆ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಬಳಿ ಮೊದಲ ಹಂತಕ್ಕೆ ಚಾಲನೆ ದೊರೆಯಿತು. ಯಾವ ಅಂಕಿ ಸರಿ ಎಂಬುದನ್ನು ಮುಂದಿನ ಮಳೆಗಾಲಗಳು ಹೇಳಲಿವೆ. ಗಮನಿಸಬೇಕಾದದ್ದು ಬೇರೆಯೇ. ನೇತ್ರಾವತಿಯನ್ನೇ ಕುಡಿಯುವ ಊರಿನ ಜನ ಬೀದಿಗಿಳಿದು ಹೋರಾಡಿದ ವಿಷಯದಲ್ಲಿ ಚರ್ಚೆಗೆ ಆಧಾರವಾದ ಲೆಕ್ಕ ಬಂದದ್ದು ಬೆಂಗಳೂರಿನಿಂದ. ಹೊಳೆಯ ಹರಿವನ್ನು ವರ್ಷವರ್ಷವೂ ಅಳೆದಿಟ್ಟ ಪುಸ್ತಕ ಇಲ್ಲಿನ ವಿಭಾಗಗಳಲ್ಲೇ ಇದ್ದಿದ್ದರೆ ವಾದದ ಬಲವೇ ಬೇರೆಯಾಗುತ್ತಿತ್ತು.

ಈ ವಿದ್ಯೆ ಸರಿಯಾಗಿ ಬಳಕೆಯಾದರೆ ಏನಾಗುತ್ತದೆ ಎಂಬುದಕ್ಕೂ ರಾಜ್ಯದಲ್ಲೇ ನಿದರ್ಶನವಿದೆ. ಉತ್ತರ ಕನ್ನಡದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡುತ್ತಿದ್ದ ಕಾಲವೊಂದಿತ್ತು. ಬಿದಿರು ಕ್ಷೀಣಿಸತೊಡಗಿದಾಗ ದೂಷಣೆ ಹಳ್ಳಿಗರ ಮತ್ತು ಅವರ ದನಗಳ ಮೇಲೆ ಬಂತು. ಎಪ್ಪತ್ತರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಕಾಡಿಗೇ ಹೋಗಿ ಮೆಳೆಗಳನ್ನು ನೋಡಿದರು. ಹೆಚ್ಚು ಬಿದಿರು ಸಿಗಲೆಂದು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ತೆಗೆಸುತ್ತಿದ್ದರು. ಅದು ಹೋದೊಡನೆ ಎಳೆ ಕಳಲೆ ದನಗಳಿಗೆ, ಕಾಡುಪ್ರಾಣಿಗಳಿಗೆ ಬಾಯಿತುತ್ತಾಗುತ್ತಿತ್ತು. ಊರಿನವರು ಮುಳ್ಳು ತೆಗೆಯದೆ ಕಡಿಯುತ್ತಿದ್ದರು. ಬಿದಿರಿನ ದಾಸ್ತಾನಿನ ಅಂದಾಜೂ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಈ ಕಾಣ್ಕೆಗೆ ದೊಡ್ಡ ಉಪಕರಣವೇನೂ ಬೇಕಾಗಿರಲಿಲ್ಲ. ಮೆಳೆ ಎಣಿಸುವ ತಾಳ್ಮೆ, ಊರಿನವರ ಮಾತು ಕೇಳುವ ವ್ಯವಧಾನ, ಸರಕಾರಿ ಅಂಕಿಯನ್ನು ಪರೀಕ್ಷಿಸುವ ಧೈರ್ಯ ಬೇಕಾಗಿತ್ತು. ಅದೇ ಗಾಡ್ಗೀಳ್ 1983ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು.

ನಗರದ ನಾಲ್ಕು ಪ್ರಶ್ನೆಗಳು

ಮಂಗಳೂರಿಗೆ ಮರಳೋಣ. 2019ರ ಬೇಸಗೆಯಲ್ಲಿ ತುಂಬೆಯ ಜಲಾಶಯ ಬತ್ತುತ್ತಾ ಬಂದು ನಗರದಲ್ಲಿ ನೀರಿನ ರೇಷನಿಂಗ್ ಜಾರಿಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಪಚ್ಚನಾಡಿಯ ತ್ಯಾಜ್ಯದ ರಾಶಿ ಮಳೆನೀರು ಕುಡಿದು ಜರಿದು, ಮಂದಾರದ ತೆಂಗು-ಕಂಗಿನ ತೋಟಗಳನ್ನೂ ಮನೆಗಳನ್ನೂ ನುಂಗಿತು. ನಾಲ್ಕು ತಿಂಗಳ ಅಂತರದಲ್ಲಿ ನೀರಿಲ್ಲದ ಸಂಕಟ, ನೀರು ಹೆಚ್ಚಾದ ಸಂಕಟ ಎರಡನ್ನೂ ನಗರ ಕಂಡಿತು. ತ್ಯಾಜ್ಯದ ರಾಶಿ ಹಲವು ವರ್ಷಗಳಿಂದ ಅಲ್ಲಿ ಬೆಳೆಯುತ್ತಿತ್ತು. ಅದರ ಇಳಿಜಾರು, ಒಳಗಿನ ನೀರಿನ ಒತ್ತಡ, ಕೆಳಗಿನ ತೋಡಿನ ನೀರಿನ ಗುಣ ಇವೆಲ್ಲ ಎಂ.ಎಸ್ಸಿ. ವಿದ್ಯಾರ್ಥಿಯ ಪ್ರಬಂಧಕ್ಕೆ ಒಪ್ಪುವ ವಿಷಯಗಳೇ.

ಉಳ್ಳಾಲದ್ದು ಮತ್ತೊಂದು ಪಾಠ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಅಲ್ಲಿನ ಕಡಲೊಳಗೆ ಕೃತಕ ಬಂಡೆಸಾಲುಗಳು, ದಡದಲ್ಲಿ ಕಲ್ಲಿನ ತಡೆಗಳು ಬಂದವು. ಆಮೇಲಿನ ಮಳೆಗಾಲಗಳಲ್ಲಿ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಯ ಕಡೆ ಕೊರೆತ ಉಗ್ರವಾಗಿ, ರಸ್ತೆಗಳೇ ಕಡಲು ಸೇರಿದವು. ಒಂದರಿಂದ ಇನ್ನೊಂದಾಯಿತೇ ಎಂದು ಜನ ಕೇಳುತ್ತಾರೆ. ಉತ್ತರಕ್ಕೆ ಬೇಕಿರುವುದು ತಿಂಗಳು ತಿಂಗಳೂ ಅಳೆದ ದಂಡೆಯ ಅಗಲ, ಮರಳಿನ ಚಲನೆ, ನದಿ ತಂದು ಹಾಕುವ ಮರಳಿನ ಪ್ರಮಾಣ. ಆ ಮರಳೂ ಇನ್ನೊಂದು ಜಗಳದ ವಸ್ತು. 2025ರಲ್ಲಿ ಅಕ್ರಮ ಗಣಿಗಾರಿಕೆಯ ಮೇಲೆ ಕ್ರಮ ಬಿಗಿಯಾದಾಗ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳು ಸಿಗದೆ ಕಟ್ಟಡ ಕೆಲಸಗಳು ನಿಂತು, ಕೂಲಿಕಾರರು ಕಂಗಾಲಾದರು. ಎಷ್ಟು ತೆಗೆದರೆ ನದಿ ತಡೆದುಕೊಳ್ಳುತ್ತದೆ ಎಂಬ ಅಂಕಿ ಎಲ್ಲರೂ ನಂಬುವಂತೆ ಇದ್ದಿದ್ದರೆ, ಪೂರ್ತಿ ಬಿಡುವುದು ಅಥವಾ ಪೂರ್ತಿ ತಡೆಯುವುದು ಎಂಬ ಎರಡೇ ದಾರಿ ಆಡಳಿತಕ್ಕೆ ಉಳಿಯುತ್ತಿರಲಿಲ್ಲ.

ಮೀನುಗಾರಿಕೆ ಈ ನಗರದ ಮಟ್ಟಿಗೆ ಸಂಪನ್ಮೂಲ ಸಂರಕ್ಷಣೆಯ ಅತ್ಯಂತ ಹಳೆಯ ಪಾಠಶಾಲೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರಬೇಕು. ಬುಲ್ ಟ್ರಾಲಿಂಗ್ ಮತ್ತು ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿದೆ. ನಿಷೇಧ ಇದೆ, ಉಲ್ಲಂಘನೆಯ ದೂರುಗಳೂ ಇವೆ. ಬಲೆಗೆ ಬಿದ್ದ ಮರಿಮೀನು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ನಾಳೆಯ ಬೂತಾಯಿ, ಬಂಗುಡೆ ಇಂದೇ ಪುಡಿಯಾಗುತ್ತದೆ. ಇದನ್ನು ಮೀನುಗಾರರಿಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ, ಅವರು ಬಲ್ಲರು. ಪಕ್ಕದ ದೋಣಿ ಹಿಡಿಯುವಾಗ ತಾನೊಬ್ಬ ಬಿಟ್ಟು ಬರುವುದೇಕೆ ಎಂಬುದು ಅವರ ಪ್ರಶ್ನೆ. ಇಂಥ ಪ್ರಶ್ನೆಗೆ ಜೀವಶಾಸ್ತ್ರವೊಂದೇ ಉತ್ತರಿಸಲಾರದು. ಅರ್ಥಶಾಸ್ತ್ರ, ಕಾನೂನು, ಸಮಾಜಶಾಸ್ತ್ರಗಳೂ ಬೇಕು. ಬೇರೆ ಬೇರೆ ವಿಭಾಗಗಳ ಗೋಡೆಗಳೊಳಗೆ ಹಂಚಿಹೋದ ನಮ್ಮ ಸ್ನಾತಕೋತ್ತರ ಶಿಕ್ಷಣ ಇಲ್ಲಿಯೇ ಎಡವುತ್ತದೆ.

ಹುದ್ದೆ ಎಲ್ಲಿದೆ?

ಓದಿದವರು ಎಲ್ಲಿಗೆ ಹೋಗುತ್ತಾರೆ ಎಂಬುದು ಕೊನೆಯಲ್ಲಿ ಉಳಿಯುವ ಪ್ರಶ್ನೆ. ಅರಣ್ಯ ಇಲಾಖೆಯ ಬಾಗಿಲಿನ ಮುಂದೆ ಈಗಾಗಲೇ ನೂಕುನುಗ್ಗಲು. ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳ ವಿದ್ಯಾರ್ಥಿಗಳು ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ತಮ್ಮ ಮೀಸಲು ಪಾಲಿಗಾಗಿ ತರಗತಿ ಬಿಟ್ಟು ಮುಷ್ಕರ ಕೂತದ್ದಿದೆ. ಅರಣ್ಯಶಾಸ್ತ್ರವನ್ನೇ ಓದಿದವರ ಪಾಡು ಇದಾದರೆ ಸಾಮಾನ್ಯ ಎಂ.ಎಸ್ಸಿ. ಪದವೀಧರರ ಮಾತೇನು? ಮಾಲಿನ್ಯ ನಿಯಂತ್ರಣ ಮಂಡಳಿಯ ನೇಮಕಾತಿ ಅಪರೂಪಕ್ಕೊಮ್ಮೆ ನಡೆಯುತ್ತದೆ. ಸಂಶೋಧನೆಯ ಉನ್ನತ ಅವಕಾಶಗಳು ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿವೆ. ಅಲ್ಲಿನ ಎನ್‌ಸಿಬಿಎಸ್‌ನಲ್ಲಿ 2004ರಿಂದ ನಡೆಯುತ್ತಿರುವ ವನ್ಯಜೀವಿ ಸ್ನಾತಕೋತ್ತರ ಕೋರ್ಸಿಗೆ ದೇಶದೆಲ್ಲೆಡೆಯಿಂದ ಅರ್ಜಿ ಬರುತ್ತದೆ, ಸೀಟುಗಳು ಬೆರಳೆಣಿಕೆಯವು. ಸುಳ್ಯದ, ಬೆಳ್ತಂಗಡಿಯ ಕನ್ನಡ ಮಾಧ್ಯಮದ ಹುಡುಗ-ಹುಡುಗಿಯರಿಗೆ ಕಾಡು ಗೊತ್ತಿರುತ್ತದೆ, ಇಂಗ್ಲಿಷ್ ಸಂದರ್ಶನ ಗೊತ್ತಿರುವುದಿಲ್ಲ.

ಹಾಗೆಂದು ಕೆಲಸವೇ ಇಲ್ಲವೆನ್ನುವಂತಿಲ್ಲ, ಸಂಬಳವಿಲ್ಲ ಎನ್ನಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿ, ಪ್ರತಿ ನಗರಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿ, ತಳಿ, ಮದ್ದಿನ ಜ್ಞಾನವನ್ನೆಲ್ಲ ದಾಖಲಿಸಿದ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬಹುತೇಕ ರಾಜ್ಯಗಳು ಇದನ್ನು ಮರೆತಿದ್ದವು. 2020ರ ಜನವರಿ ಅಂತ್ಯದೊಳಗೆ ಮುಗಿಸದಿದ್ದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ ಗದರಿದ ಮೇಲೆ ದೇಶಾದ್ಯಂತ ಅವಸರದಲ್ಲಿ ದಾಖಲಾತಿಗಳು ಸಿದ್ಧವಾದವು. ಅವಸರದ ಕೆಲಸ ಹೇಗಿರಬಹುದೆಂದು ಓದುಗರು ಊಹಿಸಬಹುದು. ಪಕ್ಕದ ಎರಡು ಗ್ರಾಮಗಳಿಗೆ ಒಂದೇ ಪಟ್ಟಿ ಅಂಟಿಸಿದರೆ ಪರಿಶೀಲಿಸುವವರು ಯಾರು?

ಹೀಗೆ ಪರಿಶೀಲಿಸಬಲ್ಲವರನ್ನು ತಯಾರಿಸುವುದು ವಿಶ್ವವಿದ್ಯಾನಿಲಯದ ಕೆಲಸ. ಅದು ಸಾಧ್ಯವಾಗದ್ದೇನಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕೆ. ಗೋಪಾಲಕೃಷ್ಣ ಭಟ್ಟರು ದಶಕಗಳ ಕಾಲ ಗುಡ್ಡ ಸುತ್ತಿ, 2003ರಲ್ಲಿ ಉಡುಪಿಯ, 2014ರಲ್ಲಿ ಇಡೀ ದಕ್ಷಿಣ ಕನ್ನಡ ಪ್ರದೇಶದ ಸಸ್ಯಸಂಪತ್ತಿನ ಗ್ರಂಥ ಪ್ರಕಟಿಸಿದರು. ಇಂದಿಗೂ ಕರಾವಳಿಯಲ್ಲಿ ಗಿಡದ ಹೆಸರು ತಿಳಿಯಬೇಕಾದವರು ಬಿಚ್ಚುವ ಪುಸ್ತಕಗಳವು. ಪದವಿ ಕಾಲೇಜಿನ ಅಧ್ಯಾಪಕರೊಬ್ಬರ ಸಾಧನೆ ಇದು. ಕೊಣಾಜೆಯ ಕೆ.ಆರ್. ಶ್ರೀಧರ್, ಕೆ.ಎಂ. ಕಾವೇರಪ್ಪ ಅವರು ಘಟ್ಟದ ತೊರೆಗಳಲ್ಲಿ ಕೊಳೆತ ಎಲೆಗಳ ಮೇಲೆ ಬೆಳೆಯುವ ಶಿಲೀಂಧ್ರಗಳನ್ನು ಅಭ್ಯಸಿಸಿ ವಿದ್ವತ್ ವಲಯದ ಗಮನ ಸೆಳೆದರು. ಅವರಿಗೆಲ್ಲ ಖಾಯಂ ಹುದ್ದೆಯ ನೆಮ್ಮದಿಯಿತ್ತು, ಒಂದೇ ಜಾಗಕ್ಕೆ ಇಪ್ಪತ್ತು ಬಾರಿ ಹೋಗುವಷ್ಟು ಕಾಲವಿತ್ತು ಎಂಬುದನ್ನು ಮರೆಯಬಾರದು.

ಆ ನೆಮ್ಮದಿ ಈಗ ಉಳಿದಿಲ್ಲ. ಮಂಗಳೂರು ವಿಶ್ವವಿದ್ಯಾನಿಲಯ ಇತ್ತೀಚಿನ ವರ್ಷಗಳಲ್ಲಿ ತೀವ್ರ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿದೆ. ನಿವೃತ್ತರ ಪಿಂಚಣಿಯೇ ಬೀದಿ ಚರ್ಚೆಯಾಯಿತು. 2023ರಲ್ಲಿ ಕೊಡಗು ಪ್ರತ್ಯೇಕ ವಿಶ್ವವಿದ್ಯಾಲಯವಾಗಿ ಕವಲೊಡೆದ ಬಳಿಕ, ಘಟ್ಟದ ಆ ಭಾಗದ ಕಾಲೇಜುಗಳೂ ಅವುಗಳ ಶುಲ್ಕವೂ ಕೈತಪ್ಪಿದವು. ಸ್ನಾತಕೋತ್ತರ ಪ್ರವೇಶ ಕುಸಿಯುತ್ತಿದೆ. ಇಂಥ ಹೊತ್ತಿನಲ್ಲಿ ವಿದ್ಯಾರ್ಥಿಗಳ ತಲೆ ಎಣಿಸಿ ಕೋರ್ಸುಗಳ ಭವಿಷ್ಯ ನಿರ್ಧರಿಸುವುದು ಲೆಕ್ಕಪತ್ರದ ದೃಷ್ಟಿಯಿಂದ ಸರಿ ಕಾಣಬಹುದು. ಆದರೆ ಕೇವಲ ಹತ್ತು ಮಂದಿ ಇರುವ ಸಸ್ಯಶಾಸ್ತ್ರದ ತರಗತಿಯನ್ನು ಮುಚ್ಚಿದರೆ, ಮುಂದೆ ಯೋಜನಾ ವರದಿಯಲ್ಲಿ ‘ಬರಡು’ ಎಂದು ಬರೆದದ್ದನ್ನು ತಿದ್ದುವ ಆ ಹತ್ತು ಮಂದಿಯೂ ಇರುವುದಿಲ್ಲ.

ಹಣ ಇಲ್ಲವೆಂಬ ಮಾತನ್ನು ಪೂರ್ತಿ ಒಪ್ಪುವುದೂ ಕಷ್ಟ. ಸಾವಿರಾರು ಕೋಟಿಯ ಯೋಜನೆಗಳ ಜೊತೆ ಪರಿಸರ ನಿರ್ವಹಣೆಯ ಹೆಸರಿನ ಮೊತ್ತ ಇದ್ದೇ ಇರುತ್ತದೆ. ಬೃಹತ್ ಉದ್ಯಮಗಳಿಗೆ ಸಾಮಾಜಿಕ ಹೊಣೆಗಾರಿಕೆಯ ನಿಧಿ ಇದೆ. ನಗರಪಾಲಿಕೆಗೊಬ್ಬ, ತಾಲೂಕಿಗೊಬ್ಬ ಜೀವಿಪರಿಸರ ಅಧಿಕಾರಿಯ ಹುದ್ದೆ ಸೃಷ್ಟಿಸಿದರೆ ಜಿಲ್ಲೆಗೆ ತಗಲುವ ವೆಚ್ಚ ಒಂದು ಕಿರುಸೇತುವೆಗಿಂತ ಕಡಿಮೆಯಾದೀತು. ಪಂಚಾಯತಿಯ ಜೀವವೈವಿಧ್ಯ ದಾಖಲಾತಿಯನ್ನು ಪ್ರತಿ ವರ್ಷ ಪರಿಷ್ಕರಿಸುವ ಹೊಣೆಯನ್ನು ಹತ್ತಿರದ ಪದವಿ ಕಾಲೇಜಿಗೆ ವಹಿಸಿ, ಕಡ್ಡಾಯ ಪತ್ರಿಕೆಯ ಕ್ಷೇತ್ರಕಾರ್ಯದ ಅಂಕಗಳನ್ನು ಅದಕ್ಕೇ ಕೊಡಬಹುದು. ತುಂಬೆಯಲ್ಲಿ ನೀರಿನ ಮಟ್ಟ, ಪಚ್ಚನಾಡಿಯ ತೋಡಿನ ನೀರಿನ ಗುಣ, ಬಟ್ಟಪ್ಪಾಡಿಯ ದಂಡೆಯ ಅಗಲ ಎಲ್ಲವನ್ನೂ ವಿದ್ಯಾರ್ಥಿಗಳೇ ಅಳೆದು, ಅಧ್ಯಾಪಕರು ತಪಾಸಣೆ ಮಾಡಿ, ಸಾರ್ವಜನಿಕರಿಗೆ ಸಿಗುವಂತೆ ಇಡಲು ಹೊಸ ಕಾನೂನೇನೂ ಬೇಕಿಲ್ಲ.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳ ಆರನೇ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಬಿತ್ತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಯಲ್ಲಿದೆ. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಬೆಳ್ತಂಗಡಿ, ಸುಳ್ಯ ತಾಲೂಕುಗಳ ಯಾವ ಗ್ರಾಮ ಪಟ್ಟಿಯಲ್ಲಿರಬೇಕು, ಯಾವುದು ಇರಬಾರದು ಎಂಬ ವಾದ ಉಪಗ್ರಹ ಚಿತ್ರಗಳ ಮೇಲೆಯೇ ನಡೆದಿದೆ. ಚಿತ್ರದಲ್ಲಿ ರಬ್ಬರ್ ತೋಟವೂ ಕಾಡಿನಂತೆಯೇ ಹಸಿರಾಗಿ ಕಾಣಬಹುದು ಎಂದು ಗ್ರಾಮಸ್ಥರು ಹೇಳುತ್ತಲೇ ಬಂದಿದ್ದಾರೆ. ಸ್ಥಳಕ್ಕೆ ಹೋಗಿ ಸರ್ವೆ ನಂಬರ್ ಹಿಡಿದು ನೋಡಿ ಬರಲು ಬೇಕಾದ ಜನ ಎಷ್ಟು, ಅವರು ಕಲಿಯುವುದು ಎಲ್ಲಿ ಎಂಬುದನ್ನು ಕರಡು ಅಧಿಸೂಚನೆಯಾಗಲಿ, ಸಂಪುಟದ ತಿರಸ್ಕಾರವಾಗಲಿ ಹೇಳಿಲ್ಲ.